ಬುತ್ತಿ, ಬೋರ್ಡು, ಬಫೆ

ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕ್ರೂಸ್ ಹಡಗಿಗೆ ಟಿಕೆಟ್ ಮಾಡಿಸಿದವರನ್ನು ನೋಡಿದ್ದೀರಾ? ಕ್ಯಾಬಿನ್ ಯಾವುದು ಅನ್ನೋದು ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಊಟ ಎಲ್ಲಿ ಅನ್ನೋದು ಮಾತ್ರ ಎರಡು ವಾರವಾದರೂ ಮುಗಿಯೋದಿಲ್ಲ. ಟಿಕೆಟ್ಟಿನ ದುಡ್ಡಿನಲ್ಲೇ ಸೇರಿರುವ ಬಫೆ ಸಾಕಾ, ಬೇರೆ ದುಡ್ಡು ಕೊಟ್ಟು ಉಣ್ಣೋ ರೆಸ್ಟೊರೆಂಟ್ ಬೇಕಾ, ಜೈನ್ ಮೀಲ್ ಅಂತ ಮೊದಲೇ ಬರೆಸಬೇಕಾ, ಗೋಧಿ ಆಗದವರಿಗೆ ಏನು, ನಡುವೆ ಏಕಾದಶಿ ಬಿದ್ದರೆ ಏನು. ಜೊತೆಗೆ ಅಪ್ಪ-ಅವ್ವ ಹೊರಟಿದ್ದರಂತೂ ಹುಬ್ಬಳ್ಳಿಯ ಮನೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತೆ: "ಎಲ್ಲಾನೂ ಒಂದ ಎಣ್ಣಿಯೊಳಗ ಕರೀತಾರೇನು?"

ನಗಬೇಡ್ರಿ. ಆ ಪ್ರಶ್ನೆಗೆ ದೊಡ್ಡ ಇತಿಹಾಸ ಇದೆ. ಹುಬ್ಬಳ್ಳಿ-ಧಾರವಾಡದ ಮಂದಿ ಊರು ಬಿಟ್ಟಾಗ ಎಲ್ಲಿ ಉಣ್ಣಬೇಕು ಅಂತ ತಲೆ ಕೆಡಿಸಿಕೊಳ್ಳೋದು ರೈಲು ಬಂದಾಗಿನಿಂದ ನಡೆದೇ ಇದೆ. ಆದರೆ ಆಗಿನ ಪ್ರಶ್ನೆ ಬೇರೆ. ಬಾಣಲೆಯಲ್ಲಿ ಏನಿದೆ ಅನ್ನೋದಕ್ಕಿಂತ ಮೊದಲು, ಸೌಟು ಯಾರ ಕೈಯಲ್ಲಿದೆ ಅಂತ ಕೇಳ್ತಿದ್ದರು.

ರೈಲಿಗಿಂತ ಮೊದಲು ಇದಕ್ಕೆ ಸುಲಭದ ಉತ್ತರ ಇತ್ತು: ಬುತ್ತಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿದರೆ ಹಿಂದೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮೊಸರು ಬುತ್ತಿ. ಹೊತ್ತಾದ ಕಡೆ ಗಿಡದ ನೆರಳಿಗೆ ಎತ್ತು ಬಿಚ್ಚಿದರೆ ಅದೇ ಊಟದ ಮನೆ. ರೊಟ್ಟಿ ಕೆಡೋದಿಲ್ಲ ಅನ್ನೋದು ಬುತ್ತಿಗೆ ಒಂದು ಕಾರಣ ಅಷ್ಟೇ. ಮಡಿಯವರ ಮನೆಯಲ್ಲಿ ನೀರು ಹಾಕಿ ಬೇಯಿಸಿದ ಅನ್ನ ಅಂದರೆ ಮುಸುರೆ. ಅದನ್ನು ಕಂಡಕಂಡಲ್ಲಿ ಇಟ್ಟು ಉಣ್ಣುವಂತಿಲ್ಲ. ಅದಕ್ಕೇ ಅವರ ಗಂಟಿನಲ್ಲಿ ಅವಲಕ್ಕಿ, ಹುರಿದದ್ದು, ಕರಿದದ್ದು. ಕಟ್ಟುನಿಟ್ಟಿನ ಲಿಂಗಾಯತರು ಲಿಂಗಪೂಜೆ ಆಗದೆ ತುತ್ತು ಎತ್ತುತ್ತಿರಲಿಲ್ಲ, ಭವಿಗಳ ಕಣ್ಣೆದುರು ಉಣ್ಣುತ್ತಿರಲಿಲ್ಲ. ಜೈನರಿಗೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಗಡ್ಡೆ-ಗೆಣಸು ಮುಟ್ಟುವಂತಿಲ್ಲ. ಮುಸಲ್ಮಾನರಿಗೆ ಹಲಾಲ್ ಆಗಬೇಕು. ಇಷ್ಟು ನಿಯಮ ಹೊತ್ತ ಮಂದಿ ಒಂದೇ ರಸ್ತೆಯಲ್ಲಿ ಓಡಾಡಿದರೂ ತೊಂದರೆ ಆಗ್ತಿರಲಿಲ್ಲ, ಯಾಕಂದರೆ ಪ್ರತಿಯೊಬ್ಬರ ಅಡಿಗೆಮನೆ ಅವರವರ ಗಂಟಿನಲ್ಲೇ ಇತ್ತು.

ರೈಲು ಈ ಏರ್ಪಾಡನ್ನು ಕೆಡಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯಿತು. ಮುಖ್ಯ ಕಚೇರಿ ಧಾರವಾಡದಲ್ಲಿ. ಇವತ್ತು ಕರ್ನಾಟಕ ಕಾಲೇಜು ಅಂತ ನಾವು ಕರೆಯುವ ಆ ಚೆಂದದ ಕಟ್ಟಡ ಮೊದಲು ರೈಲ್ವೆ ಕಚೇರಿಯೇ. 1885ರಲ್ಲಿ ಹುಬ್ಬಳ್ಳಿ ವರ್ಕ್‌ಶಾಪ್ ಬಂತು. ಆ ದಶಕ ಮುಗಿಯುವುದರೊಳಗೆ ಒಂದು ಕಡೆ ಪುಣೆಯ ದಾರಿ, ಇನ್ನೊಂದು ಕಡೆ ಕ್ಯಾಸಲ್‌ರಾಕ್ ಘಟ್ಟ ಇಳಿದು ಮುರ್ಮಗೋವಾ ಬಂದರಿನ ದಾರಿ, ಎರಡೂ ತೆರೆದವು. ರೈಲು ನಿಮ್ಮ ಹಸಿವಿಗೆ ನಿಲ್ಲೋದಿಲ್ಲ, ನಿಂತಾಗ ನಿಮಗೆ ಹಸಿವಾಗಬೇಕು. ಪಕ್ಕದಲ್ಲಿ ಯಾರು ಕೂತಾರೆ ಅಂತ ನೀವು ಹೇಳುವಂತಿಲ್ಲ. ಒಂದು ದಿನದ ದಾರಿಗೆ ಬುತ್ತಿ ಸಾಕು. ಎರಡು-ಮೂರು ದಿನದ ದಾರಿಗೆ? ರೊಟ್ಟಿಯೇನೋ ಇದ್ದೀತು, ನೀರು ಎಲ್ಲಿಂದ?

ರೈಲ್ವೆ ಕಂಪನಿಗಳು ಕಂಡುಕೊಂಡ ಉಪಾಯ ಬೋರ್ಡು. ಯುರೋಪಿಯನ್ನರ ಉಪಾಹಾರಗೃಹ ಬೇರೆ, ಹಿಂದೂಗಳದು ಬೇರೆ, ಮುಸಲ್ಮಾನರದು ಬೇರೆ. ನೀರಿಗೂ ಹಾಗೇ: ದೇಶದ ಎಷ್ಟೋ ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಅಂತ ಕೂಗಿ ಕೊಡ್ತಿದ್ದರು. ದಕ್ಷಿಣದ ಕಡೆ ಹಿಂದೂಗಳ ಕೋಣೆಯೊಳಗೂ ಮತ್ತೊಂದು ಗೋಡೆ, ಬ್ರಾಹ್ಮಣರಿಗೆ ಒಂದು ಭಾಗ, ಉಳಿದವರಿಗೆ ಇನ್ನೊಂದು. 1908ರಲ್ಲಿ ನಮ್ಮ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, ಕಚೇರಿ ಧಾರವಾಡ ಬಿಟ್ಟು ಮದ್ರಾಸಿಗೆ ಹೋಯಿತು. ಆ ಒಳಗಿನ ಗೋಡೆ ಬೀಳಲು 1941 ಬರಬೇಕಾಯಿತು. ಅದೂ ಪೆರಿಯಾರ್ ಮತ್ತು ಸಂಗಡಿಗರು ಹೋರಾಡಿದ ಮೇಲೆ. ಕಂಪನಿ ತಾನಾಗಿ ಯೋಚಿಸಿ ಮಾಡಿದ್ದಲ್ಲ.

ನಿಲ್ದಾಣದ ಹೊರಗೆ ಊರಿನಲ್ಲೂ ಇದೇ ಕಥೆ. ವರ್ಕ್‌ಶಾಪಿಗೆ, ಹತ್ತಿ ಮಿಲ್ಲಿಗೆ, ಕೋರ್ಟಿಗೆ, ಆಮೇಲೆ 1917ರಲ್ಲಿ ಶುರುವಾದ ಕಾಲೇಜಿಗೆ ಒಂಟಿ ಗಂಡಸರು ಬಂದು ಸೇರಿದರು. ಇವರಿಗೆ ದಿನಾ ಊಟ ಹಾಕೋರು ಯಾರು? ಖಾನಾವಳಿ. ಹೆಸರು ಮರಾಠಿಯಿಂದ ಬಂದದ್ದು, ಪದ್ಧತಿ ನಮ್ಮದೇ ಆಯಿತು. ತಿಂಗಳಿಗಿಷ್ಟು ಅಂತ ಕೊಟ್ಟರೆ ಎರಡು ಹೊತ್ತು ರೊಟ್ಟಿ, ಪಲ್ಯ, ಅನ್ನ, ಸಾರು. ಬೋರ್ಡಿನ ಮೇಲೆ ಜಾತಿ: ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಖಾನಾವಳಿ, ಸಾವಜಿ ಖಾನಾವಳಿ.

ಇವತ್ತು ಆ ಬೋರ್ಡುಗಳನ್ನು ನಾವು ಮೆನು ಥರ ಓದ್ತೇವೆ. ಲಿಂಗಾಯತ ಖಾನಾವಳಿ ಅಂದರೆ ಎಣ್ಣೆಗಾಯಿ-ರೊಟ್ಟಿ, ಸಾವಜಿ ಅಂದರೆ ಕಣ್ಣಲ್ಲಿ ನೀರು ತರಿಸೋ ಖಾರದ ಮಟನ್. ಬೆಂಗಳೂರಿನಿಂದ ಬಂದ ಗೆಳೆಯರಿಗೆ ನಾವೇ ಹೆಮ್ಮೆಯಿಂದ ತೋರಿಸ್ತೇವೆ. ತಪ್ಪೇನಿಲ್ಲ, ಊಟ ರುಚಿಯಾಗೇ ಇರುತ್ತೆ. ಆದರೆ ಬೋರ್ಡು ಬರೆಸಿದ ಕಾಲದಲ್ಲಿ ಅದು ಹೇಳ್ತಿದ್ದದ್ದು ರುಚಿಯ ಸುದ್ದಿ ಮಾತ್ರ ಅಲ್ಲ. ಒಲೆ ಮುಂದೆ ಯಾರಿದ್ದಾರೆ, ಪಂಕ್ತಿಯಲ್ಲಿ ಯಾರು ಕೂಡಬಹುದು, ಯಾರು ಹೊಸ್ತಿಲಲ್ಲೇ ನಿಲ್ಲಬೇಕು ಅನ್ನೋದೂ ಅದರಲ್ಲೇ ಬರೆದಿತ್ತು. ಉಡುಪಿ ಹೋಟೆಲುಗಳು ಎಲ್ಲ ಕಡೆ ಕುದುರಿದ್ದಕ್ಕೂ ಇದೇ ಒಂದು ಕಾರಣ: ಬ್ರಾಹ್ಮಣ ಅಡಿಗೆಯವ ಮಾಡಿದ್ದನ್ನು ಉಣ್ಣಲು ಹೆಚ್ಚಿನ ಜಾತಿಗಳಿಗೆ ಅಡ್ಡಿ ಇರಲಿಲ್ಲ. ದೋಸೆ ಚೆನ್ನಾಗಿತ್ತು, ಒಪ್ಪಿದೆ. ಬರೀ ದೋಸೆಯಿಂದಲೇ ಆ ವ್ಯಾಪಾರ ನಡೆಯಲಿಲ್ಲ.

ಈ ಬೋರ್ಡುಗಳಲ್ಲಿ ಒಂದರಲ್ಲೂ ಜಾಗ ಸಿಗದವರು ಇದ್ದರು. ದಲಿತರಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಹೊರಗೆ ಬೇರೆ ಕಪ್ಪು, ಮೇಲಿಂದ ಸುರಿಯುವ ನೀರು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1923ರಲ್ಲಿ ಆ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ತಂದ ಗೊತ್ತುವಳಿ ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳು ಎಲ್ಲರಿಗೂ ತೆರೆಯಬೇಕು ಅಂದಿತು. ಕಾಗದದ ಮೇಲೆ ತೆರೆಯಿತು, ಊರುಗಳಲ್ಲಿ ತೆರೆಯಲಿಲ್ಲ. ಸಂವಿಧಾನದ 15ನೇ ವಿಧಿ ಓದಿ ನೋಡಿ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಅಂತ ಹೆಸರು ಹಿಡಿದು ಬರೆದಿದ್ದಾರೆ. ಮೂಲಭೂತ ಹಕ್ಕಿನಲ್ಲಿ ಹೋಟೆಲ್ ಯಾಕೆ ಬಂತು ಅಂತ ಕಾಲೇಜಿನಲ್ಲಿ ಯಾರಿಗಾದರೂ ಅನಿಸಿದ್ದರೆ, ಉತ್ತರ ಈ ಬೋರ್ಡುಗಳಲ್ಲಿದೆ.

ಬೇರೆ ದಾರಿಯೂ ಊರಿನಲ್ಲೇ ಇತ್ತು ಅನ್ನಿ. 1929ರಲ್ಲಿ ತೀರಿಕೊಂಡ ಸಿದ್ಧಾರೂಢರ ಮಠದ ದಾಸೋಹದಲ್ಲಿ ಬಂದವರ ಮುಂದೆ ಎಲೆ ಹಾಕ್ತಿದ್ದರು. ಈಗ ಹುಬ್ಬಳ್ಳಿ ನಿಲ್ದಾಣಕ್ಕೆ ಅವರದೇ ಹೆಸರು.

ರೈಲಿನಲ್ಲೇ ಇಷ್ಟು ಗೋಳಾದರೆ ಹಡಗಿನ ಗತಿ? ರೈಲಿನಲ್ಲಿ ಮುಂದಿನ ನಿಲ್ದಾಣ ಅಂತ ಒಂದಿದೆ. ಹಡಗಿನಲ್ಲಿ ಇರೋದು ಒಂದೇ ಅಡಿಗೆಮನೆ, ಅದೂ ಪರರದು, ಅದೂ ಮೂರು ವಾರ. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ಅಂತ ಹಟ ಹಿಡಿದವರಿಗೆ ಉಪ್ಪುನೀರಿಗಿಂತ ಹೆಚ್ಚಿನ ಚಿಂತೆ ಈ ಅಡಿಗೆಮನೆಯದೇ ಆಗಿತ್ತು ಅಂತ ನನಗನಿಸುತ್ತೆ. 1902ರಲ್ಲಿ ಜೈಪುರದ ಮಹಾರಾಜ ಮಾಧೋಸಿಂಗ್ ಇಂಗ್ಲೆಂಡಿಗೆ ಹೋಗಲು ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು, ಆಳೆತ್ತರದ ಬೆಳ್ಳಿ ಕೊಡಗಳಲ್ಲಿ ಗಂಗಾಜಲ ತುಂಬಿಸಿಕೊಂಡ. ರಾಜನ ಬುತ್ತಿ ಹಂಗ ಇರ್ತದ. ಸಾಮಾನ್ಯರ ಬುತ್ತಿ ಹೆಂಗಿತ್ತು ಅಂದರೆ ಗಾಂಧಿಯನ್ನು ನೋಡಬೇಕು.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹತ್ತಿದಾಗ ಗಾಂಧಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ, ಮದ್ಯ, ಪರಸ್ತ್ರೀ ಮುಟ್ಟೋದಿಲ್ಲ ಅಂತ ಜೈನ ಸಾಧುವೊಬ್ಬರ ಮುಂದೆ ತಾಯಿಗೆ ಮಾತು ಕೊಟ್ಟಾಗಿತ್ತು. ಆದರೂ ಜಾತಿಯವರು ಬಹಿಷ್ಕಾರ ಹಾಕಿದರು. ನೆರವಾದವರಿಗೆ, ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸ ಇಲ್ಲ ಅಂತ ಕೇಳೋ ಧೈರ್ಯ ಆ ಹುಡುಗನಿಗಿರಲಿಲ್ಲ, ಚಾಕು-ಫೋರ್ಕು ಹಿಡಿಯೋದು ಗೊತ್ತಿರಲಿಲ್ಲ. ಊಟದ ಮೇಜಿಗೇ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ಕ್ಯಾಬಿನ್ನಿನಲ್ಲೇ ತಿಂದು ದಿನ ನೂಕಿದರು. ಚಳಿಗೆ ಮಾಂಸ ಬೇಕೇ ಬೇಕು ಅಂತ ಸಹಪ್ರಯಾಣಿಕರ ಉಪದೇಶ ಬೇರೆ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಸರ್ಟಿಫಿಕೇಟಿನ ಸಂಗತಿ. ಮಾಂಸ ತಿನ್ನಲಿಲ್ಲ ಅಂತ ಗಾಂಧಿ ಬರೆಸಿಕೊಂಡು ಇಟ್ಟುಕೊಂಡರು. ಮಾಂಸ ತಿಂದವರಿಗೂ ಅಂಥ ಸರ್ಟಿಫಿಕೇಟು ಸಿಗುತ್ತೆ ಅಂತ ಗೊತ್ತಾದ ಮೇಲೆ ಅದರ ಮೇಲಿನ ಆಸೆ ಹೋಯಿತಂತೆ.

ಅದಕ್ಕೂ ಮೊದಲು, 1885ರಲ್ಲಿ, ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಭಾರತದ ಮಾತು ಹೇಳಲು ಇಂಗ್ಲೆಂಡಿಗೆ ಹೋಗಿಬಂದಿದ್ದರು. ಅರ್ಧ ಶತಮಾನ ದಾಟಿದ ಮೇಲೆ, 1936ರಲ್ಲಿ ಧಾರವಾಡದ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ಸಮುದ್ರ ದಾಟೋದು ಹೆದರಿಕೆಯ ಮಾತಾಗಿ ಉಳಿದಿರಲಿಲ್ಲ. ಅವರಿಗೆ ಅದು ಕವಿತೆಯ ವಸ್ತುವೇ ಆಯಿತು, 'ಸಮುದ್ರಗೀತೆಗಳು' ಬಂತು.

ಸ್ವಾತಂತ್ರ್ಯ ಬಂದ ಮೇಲೆ ರೈಲ್ವೆ ನಿಲ್ದಾಣಗಳಲ್ಲಿ ಸದ್ದಿಲ್ಲದೆ ಒಂದು ದೊಡ್ಡ ಬದಲಾವಣೆ ಆಯಿತು. ಹಿಂದೂ, ಮುಸ್ಲಿಂ ಅನ್ನೋ ಬೋರ್ಡು ಇಳಿದು ಸಸ್ಯಾಹಾರ, ಮಾಂಸಾಹಾರ ಅನ್ನೋ ಬೋರ್ಡು ಏರಿತು. ಕೋಣೆಗಳು ಎರಡೇ, ಹೆಸರು ಬೇರೆ. ಇದನ್ನು ಬರೀ ಬಣ್ಣ ಬಳಿದದ್ದು ಅಂತ ತಳ್ಳಿಹಾಕೋರು ಇದ್ದಾರೆ, ನಾನು ಒಪ್ಪೋದಿಲ್ಲ. ಮನುಷ್ಯನ ಬಗ್ಗೆ ಕೇಳ್ತಿದ್ದ ಪ್ರಶ್ನೆ ಪಾತ್ರೆಯ ಬಗ್ಗೆ ಕೇಳುವ ಪ್ರಶ್ನೆಯಾಯಿತು. ಪಾತ್ರೆಯಲ್ಲಿ ಏನಿದೆ ಅಂತ ಯಾರು ಬೇಕಾದರೂ ಕೇಳಬಹುದು, ಯಾರಿಗೂ ಅವಮಾನ ಆಗೋದಿಲ್ಲ. 2001ರಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಕಡ್ಡಾಯ ಆಯಿತಲ್ಲ, ಅದೂ ಪಾತ್ರೆಯ ಸುದ್ದಿ ಮಾತ್ರ ಹೇಳುತ್ತೆ.

ಹಳೇ ಪ್ರಶ್ನೆ ಸತ್ತಿತು ಅಂತ ಮಾತ್ರ ತಿಳೀಬೇಡ್ರಿ. 2024ರ ಮಾರ್ಚ್ 19ರಂದು ಜೊಮ್ಯಾಟೊ, ಶುದ್ಧ ಸಸ್ಯಾಹಾರ ತರೋರಿಗೆ ಬೇರೆ ಪಡೆ, ಹಸಿರು ಸಮವಸ್ತ್ರ ಅಂತ ಘೋಷಿಸಿತು. ಗದ್ದಲ ಆಗಿ ಮರುದಿನವೇ ಹಸಿರು ಅಂಗಿ ಕೈಬಿಟ್ಟಿತು. ಕಂಪನಿಯೇ ಹೇಳಿದ ಕಾರಣ ನೋಡಿ: ಕೆಂಪು ಅಂಗಿಯವರನ್ನು ಮಾಂಸ ತರೋರು ಅಂದುಕೊಂಡು ಅಪಾರ್ಟ್‌ಮೆಂಟಿನವರು ಕೆಲವು ದಿನ ಗೇಟಿನಲ್ಲೇ ತಡೆಯಬಾರದಲ್ಲ. ಚುಕ್ಕೆ ಡಬ್ಬಿಯ ಮೇಲಿಂದ ಹೊತ್ತು ತರುವವನ ಮೈಮೇಲೆ ಬರಲು ಒಂದೇ ದಿನ ಸಾಕಾಗಿತ್ತು.

ಹಾಗಾಗಿ ಹಡಗು ಹತ್ತೋರು ಎಣ್ಣೆಯ ಬಗ್ಗೆ ಧಾರಾಳವಾಗಿ ಕೇಳಲಿ. ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ದಿನವೇ ಊಟದ ಮೇಲ್ವಿಚಾರಕರಿಗೆ ಮತ್ತೊಮ್ಮೆ ಹೇಳಿ. ಬಫೆಯಲ್ಲಿ ಸೌಟು ಅದಲುಬದಲು ಆಗೋದುಂಟು, ಶೇಂಗಾ ಆಗದವರಿಗೆ ಅದು ಜೀವದ ಪ್ರಶ್ನೆ. ಒಂದು ಮಾತ್ರ ಅವ್ವನಿಗೆ ಮೊದಲೇ ತಿಳಿಸಿಬಿಡಿ. ಬಹುತೇಕ ಕ್ರೂಸ್ ಕಂಪನಿಗಳು ಮನೆಯಲ್ಲಿ ಮಾಡಿದ ಅಡಿಗೆಯನ್ನು ಹಡಗಿನೊಳಗೆ ಬಿಡೋದಿಲ್ಲ, ಪ್ಯಾಕ್ ಒಡೆಯದ ತಿನಿಸಾದರೆ ಸಾಮಾನ್ಯವಾಗಿ ನಡೆಯುತ್ತೆ. ಅಂದರೆ ಧಾರವಾಡ ಪೇಡೆಯ ಸೀಲು ಮಾಡಿದ ಡಬ್ಬಿ ಒಳಗೆ ಹೋದೀತು, ರೊಟ್ಟಿಯ ಗಂಟು ಬಂದರಿನಲ್ಲೇ ಉಳಿಯುತ್ತೆ.