ಮೊಣಕಾಲಿನ ಒಳಗುಟ್ಟು ಹುಡುಕಿದವರ ಚರಿತ್ರೆ

ಕಬಡ್ಡಿ ಆಡುವಾಗ ಮೊಣಕಾಲು ತಿರುಚಿಕೊಂಡ ಮಗುವಿಗೆ ನಾವು ಏನು ಮಾಡುತ್ತೇವೆ? ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, ಬಾವು ಇಳಿದೊಡನೆ ಮತ್ತೆ ಅಂಗಳಕ್ಕೆ ಬಿಡುತ್ತೇವೆ. ನಮ್ಮ ಗಡಿನಾಡಿನ ಶಾಲೆಗಳಲ್ಲಿ ನಡೆದುಬಂದ ರೂಢಿ ಇದು. ಆದರೆ ಆ ಕೀಲಿನೊಳಗೆ ಮುಂದೆ ಏನಾಗುತ್ತದೆ? ಇದನ್ನು ತಿಳಿಯಲು ವೈದ್ಯರು ಬಹುಕಾಲ ಹೆಣಗಿದ್ದಾರೆ.

ಎಲುಬುಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದು ಒಮ್ಮೆ ನಾಶವಾದರೆ ಮತ್ತೆ ಮೊದಲಿನಂತಾಗದು ಎಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಅದಕ್ಕೆ ರಕ್ತನಾಳವಿಲ್ಲ, ಆದ್ದರಿಂದ ಮಾಯುವುದಿಲ್ಲ. ನರವಿಲ್ಲ, ಆದ್ದರಿಂದ ಸವೆಯುವಾಗ ನೋವಾಗುವುದಿಲ್ಲ.

1895ರಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದರು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕೀಲುಗಳನ್ನು ಪರೀಕ್ಷಿಸಿದ್ದ ಕೆಲ್‌ಗ್ರೆನ್ ಮತ್ತು ಲಾರೆನ್ಸ್, 1957ರಲ್ಲಿ ಎಕ್ಸ್-ರೇ ನೋಡಿ ಸಂಧಿವಾತಕ್ಕೆ 0ರಿಂದ 4ರವರೆಗೆ ದರ್ಜೆ ಕೊಡುವ ಕ್ರಮ ತಂದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಎಕ್ಸ್-ರೇಯಲ್ಲಿ ಕಾಣುವುದು ಎಲುಬು, ಮೃದ್ವಸ್ಥಿಯಲ್ಲ. ಅದರಲ್ಲಿ ರೋಗ ಕಾಣುವ ಹೊತ್ತಿಗೆ ಹೊದಿಕೆ ಸವೆದುಹೋಗಿರುತ್ತದೆ.

ಹಾಗಾದರೆ ಸವೆದ ಚೂರುಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಯೇ ದಾರಿ ತೋರಿಸಿತು. ಮೊಣಕಾಲಿಗೆ ಪೆಟ್ಟಾದವರ ಕೀಲಿನ ದ್ರವದಲ್ಲಿ ಮೃದ್ವಸ್ಥಿಯ ತುಣುಕುಗಳು ಹೆಚ್ಚಿರುವುದನ್ನು ಸ್ವೀಡನ್ನಿನ ಸ್ಟೀಫನ್ ಲೋಮಾಂಡರ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಅದೇ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮಂಥ ಶಿಕ್ಷಕರು ಓದಲೇಬೇಕಾದದ್ದು. ಮೊಣಕಾಲಿನ ಅಸ್ಥಿರಜ್ಜು ಹರಿದು 12 ವರ್ಷ ಕಳೆದ ಫುಟ್ಬಾಲ್ ಆಟಗಾರ್ತಿಯರ ಎಕ್ಸ್-ರೇ ತೆಗೆದಾಗ, ಸುಮಾರು ಅರ್ಧದಷ್ಟು ಮಂದಿಗೆ ಸಂಧಿವಾತ ಬಂದಿತ್ತು. ಅವರ ಸರಾಸರಿ ವಯಸ್ಸು ಕೇವಲ 31!

2004ರಿಂದ ಅಮೆರಿಕದಲ್ಲಿ 4,796 ಜನರ ಮೊಣಕಾಲುಗಳನ್ನು ವರ್ಷಗಟ್ಟಲೆ ಗಮನಿಸಿ, ರಕ್ತ ಮತ್ತು ಮೂತ್ರದ ಮಾದರಿಗಳನ್ನು ಕಾಪಿಟ್ಟರು. ಅವರಲ್ಲಿ 600 ಜನರ ಮಾದರಿಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಮೂತ್ರದಲ್ಲಿ ಸಿಗುವ ಸಿಟಿಎಕ್ಸ್-2 ಎಂಬ ಕೊಲಾಜೆನ್ ತುಣುಕು ರೋಗ ಮುಂದುವರಿಯುವ ಸುಳಿವು ಕೊಡುವ ಗುರುತುಗಳಲ್ಲಿ ಮುಖ್ಯವಾದದ್ದೆಂದು ಅದರಿಂದ ತಿಳಿಯಿತು. ಆದರೂ ಸಕ್ಕರೆ ಕಾಯಿಲೆಗೆ ಇರುವಂಥ ಖಚಿತ ಪರೀಕ್ಷೆ ಇದಕ್ಕೆ ಇನ್ನೂ ಇಲ್ಲ.

ಅಂಥ ಪರೀಕ್ಷೆ ಬರುವವರೆಗೆ ಕಣ್ಣಿಡಬೇಕಾದವರು ನಾವೇ. ಬಾವು ಇಳಿದರೆ ಕಾಲು ಗುಣವಾಯಿತು ಎಂದಲ್ಲ. ಮೊಣಕಾಲು ತಿರುಚಿ ಬಾವು ಬಂದ ಮಗುವನ್ನು ವೈದ್ಯರಿಗೆ ತೋರಿಸದೆ ಮತ್ತೆ ಆಟಕ್ಕೆ ಇಳಿಸಬಾರದು ಎಂದು ಎಲ್ಲ ಶಿಕ್ಷಕ ಬಂಧುಗಳಲ್ಲೂ ಹೆತ್ತವರಲ್ಲೂ ನಮ್ಮ ವಿನಂತಿ.