‘ಸೆಲ್ಫ್’ ಸುಸ್ತಾದಾಗ

ಊರಿನಿಂದ ನೆಂಟರು ಬಂದರೆ ಹೈದರಾಬಾದಿನ ನಾವು ಚಾರ್ಮಿನಾರ್ ಮುಗಿಸಿ ಚೌಮಹಲ್ಲಾ ಅರಮನೆಗೆ ಕರೆದೊಯ್ಯುತ್ತೇವೆ. ಅಲ್ಲಿರುವ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿಗೆ ಆರ್ಡರ್ ಕೊಟ್ಟವರು ಆರನೇ ನಿಜಾಮ ಮೆಹಬೂಬ್ ಅಲಿ ಖಾನ್. ಅವರು 1911ರಲ್ಲಿ ತೀರಿಕೊಂಡರು; ಕಾರು ಬಂದದ್ದು ಮಗ ಉಸ್ಮಾನ್ ಅಲಿ ಖಾನರ ಕಾಲಕ್ಕೆ. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅವರ ಆಳ್ವಿಕೆಯಲ್ಲೇ ಇದ್ದವು.

ಆ ಕಾಲದ ಸಿಲ್ವರ್ ಘೋಸ್ಟ್‌ಗೆ ವಿದ್ಯುತ್ ಸ್ಟಾರ್ಟರ್ ಇರಲಿಲ್ಲ. ಏಳು ಲೀಟರಿಗೂ ದೊಡ್ಡ ಎಂಜಿನನ್ನು ಮುಂದೆ ನಿಂತು ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಬೆರಳುಗಳ ಬದಿಗೇ ಇಡಬೇಕೆಂಬ ಪಾಠ ಹುಟ್ಟಿದ್ದು ಹಾಗೆ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮೊದಲು ಅಂಗಡಿಗಳ ಗಲ್ಲಾ ಯಂತ್ರಕ್ಕೆ ಮೋಟಾರು ಜೋಡಿಸಿದ್ದವರು. ಕೆಲವೇ ಕ್ಷಣ ದುಡಿಯುವ ಮೋಟಾರು ಚಿಕ್ಕದಿದ್ದರೂ ಸಾಕು, ಅಷ್ಟು ಹೊತ್ತು ಅಳತೆಮೀರಿದ ಭಾರ ತಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದೇ ಉಪಾಯ 1912ರ ಕ್ಯಾಡಿಲ್ಯಾಕ್‌ನಲ್ಲಿ ‘ಸೆಲ್ಫ್ ಸ್ಟಾರ್ಟರ್’ ಆಯಿತು. ಸಿಲ್ವರ್ ಘೋಸ್ಟ್‌ಗೆ ಅದು ಬಂದದ್ದು 1919ರಲ್ಲಿ. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಅದರ ಹೆಸರು ಬರೀ ‘ಸೆಲ್ಫ್’.

ಈ ಚಿಕ್ಕ ಮೋಟಾರಿಗೆ ಬೇಕಾದ ಕರೆಂಟು ಮಾತ್ರ ದೊಡ್ಡದು. 200 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ಅಡ್ಡಿಯಿದ್ದರೂ 2 ವೋಲ್ಟ್ ಅಲ್ಲೇ ಕರಗುತ್ತದೆ. 12 ವೋಲ್ಟ್ ಕಾರು ಇದನ್ನು ಹೇಗೋ ತಡೆದುಕೊಂಡೀತು. 6 ವೋಲ್ಟ್ ಕಾರಿಗೆ ಮೂರರಲ್ಲಿ ಒಂದು ಪಾಲೇ ಹೋಯಿತು. ಫೋರ್ಡ್, ಷೆವರ್ಲೆಗಳು 1950ರ ದಶಕದ ನಡುವಿನಲ್ಲಿ 12 ವೋಲ್ಟಿಗೆ ಬದಲಾದವು.

ಹಾಗಾಗಿ ಅಪ್ಪನ ಕಾಲದ ಅಂಬಾಸಿಡರ್ ‘ಗುರ್ರ್... ಗುರ್ರ್...’ ಎಂದು ನಿಧಾನಕ್ಕೆ ತಿರುಗಿದರೆ ಕೂಡಲೇ ಸೆಲ್ಫ್ ಬಿಚ್ಚಿಸಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಹೊತ್ತಿಕೊಳ್ಳದಂತೆ ಕಾಯಿಲ್‌ನ ಇಗ್ನಿಷನ್ ವೈರ್ ಕಳಚಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮಲ್ಟಿಮೀಟರ್ ಹಿಡಿಯಲಿ. ಬ್ಯಾಟರಿ ಸುಮಾರು 9.5 ವೋಲ್ಟಿಗಿಂತ ಕೆಳಗಿಳಿದರೆ ಮೊದಲು ಅದನ್ನೇ ಚಾರ್ಜ್ ಮಾಡಿಸಿ ನೋಡಿ. ಇಳಿಯದಿದ್ದರೆ ಬ್ಯಾಟರಿಯ ಅರ್ಥ್ ಕಂಬಕ್ಕೂ ಎಂಜಿನ್ ಮೈಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಅಲ್ಲಿದ್ದಾನೆ: ಕಿಲುಬು ಹಿಡಿದ ಅರ್ಥ್ ಪಟ್ಟಿ, ಅಥವಾ ಬಣ್ಣದ ಮೇಲೆಯೇ ಬಿಗಿದ ಬೋಲ್ಟು. ಇನ್ನೊಂದು ಕಂಬದಿಂದ ಸ್ಟಾರ್ಟರಿನವರೆಗೂ ಹೀಗೇ ನೋಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಕಂಬವೇ ಅರ್ಥ್ ಆಗಿರುತ್ತಿತ್ತು, ನೆನಪಿರಲಿ. ಇಷ್ಟೆಲ್ಲ ಸರಿಯಿದ್ದರೆ ಆಗ ಸ್ಟಾರ್ಟರಿನ ಬುಷ್, ಬ್ರಷ್‌ಗಳ ಸರದಿ.

ಅವಸರಕ್ಕೆ ಕಳಚಿದ ಮೂಲ ಸ್ಟಾರ್ಟರ್ ಗುಜರಿಗೆ ಹೋದರೆ ಮತ್ತೆ ಸಿಗುವುದು ಕಷ್ಟ. ಅರ್ಥ್ ಪಟ್ಟಿ ಉಜ್ಜಲು ಬೇಕಾದದ್ದು ಒಂದು ತುಂಡು ಉಪ್ಪುಕಾಗದ, ಅರ್ಧ ಗಂಟೆ ಬಿಡುವು.