ಎಗೇರಿಯ ಬರೆದ ಯಾತ್ರಾಪತ್ರ

ತೀರ್ಥಯಾತ್ರೆಯಿಂದ ಮರಳಿದವರ ಮನೆಯಲ್ಲಿ ಹಲವು ವರ್ಷಗಳ ನಂತರ ಉಳಿಯುವುದೇನು? ವೇಲಾಂಕಣಿಯಿಂದ ತಂದ ಎಣ್ಣೆ ಮುಗಿದಿರುತ್ತದೆ. ಜಪಸರದ ದಾರ ಸವೆದಿರುತ್ತದೆ. ಉಳಿಯುವುದು ಭಾವಚಿತ್ರಗಳು ಮಾತ್ರ. ಅವುಗಳನ್ನು ಕೈಗೆತ್ತಿಕೊಂಡ ಮೊಮ್ಮಕ್ಕಳು "ಇವರು ಯಾರು? ಇದು ಯಾವ ಊರು?" ಎಂದು ಕೇಳುವ ಹೊತ್ತಿಗೆ, ಉತ್ತರ ಹೇಳಬಲ್ಲವರು ಸಮಾಧಿಭೂಮಿ ಸೇರಿರುತ್ತಾರೆ. ಚಿತ್ರವಿದೆ, ನೆನಪಿಲ್ಲ. ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದು ಧರ್ಮಸಭೆಯ ಚರಿತ್ರೆಯಲ್ಲಿದೆ. ಅಲ್ಲಿ ಒಂದು ಚಿತ್ರವೂ ಇಲ್ಲ. ಬರೆದವಳ ಮುಖ ಹೇಗಿತ್ತೆಂದು ಯಾರೂ ಅರಿಯರು. ಆಕೆಯ ಹೆಸರು ಕೂಡ ಬಹುಕಾಲ ಮರೆತುಹೋಗಿತ್ತು. ಆದರೂ ಆಕೆ ವಾರದ ಯಾವ ದಿನ, ಯಾವ ಹೊತ್ತಿಗೆ ಸಿನಾಯ್ ಬೆಟ್ಟದ ತುದಿ ಮುಟ್ಟಿದಳೆಂಬುದನ್ನು 1600 ವರ್ಷಗಳ ನಂತರವೂ ನಾವು ಹೇಳಬಲ್ಲೆವು.

1884ರಲ್ಲಿ ಇಟಲಿಯ ಅರೆಝ್ಝೊ ನಗರದ ಭ್ರಾತೃಸಂಘವೊಂದರ ಗ್ರಂಥಾಲಯದಲ್ಲಿ ಗಾಮುರ್ರಿನಿ ಎಂಬ ವಿದ್ವಾಂಸರಿಗೆ ಹಳೆಯ ಹಸ್ತಪ್ರತಿಯೊಂದು ದೊರೆಯಿತು. 11ನೆಯ ಶತಮಾನದಲ್ಲಿ ಮೊಂತೆ ಕಸ್ಸೀನೊ ಮಠದಲ್ಲಿ ನಕಲು ಮಾಡಿದ ಆ ಪ್ರತಿಯಲ್ಲಿ ಸಂತ ಹಿಲರಿಯವರ ಬರಹಗಳ ಜೊತೆಗೆ ಮತ್ತೊಂದು ಕೃತಿಯೂ ಸೇರಿಕೊಂಡಿತ್ತು. ಅದರ ಮೊದಲ ಹಾಳೆಗಳಿರಲಿಲ್ಲ, ಕೊನೆಯವೂ ಇರಲಿಲ್ಲ. ಸರಳ ಲತೀನ್ ಭಾಷೆಯಲ್ಲಿ ಮಹಿಳೆಯೊಬ್ಬಳು ಪವಿತ್ರ ನಾಡಿನ ಯಾತ್ರೆಯನ್ನು ವಿವರಿಸಿದ್ದಳು. ಆಕೆ ಸಿಲ್ವಿಯಾ ಎಂಬವಳಿರಬೇಕೆಂದು ಮೊದಲು ಊಹಿಸಲಾಯಿತು. 1903ರಲ್ಲಿ ಫೆರೊತಾನ್ ಎಂಬ ಬೆನೆಡಿಕ್ಟೀನ್ ಸಂನ್ಯಾಸಿ ಆ ಊಹೆಯನ್ನು ತಿದ್ದಿದರು. 7ನೆಯ ಶತಮಾನದಲ್ಲಿ ಸ್ಪೇನಿನ ವಲೇರಿಯುಸ್ ಎಂಬ ತಪಸ್ವಿ ತನ್ನ ಸಹ ಸಂನ್ಯಾಸಿಗಳಿಗೆ ಪತ್ರ ಬರೆದು, ಪಶ್ಚಿಮ ಸಾಗರದ ತೀರದಿಂದ ಹೊರಟು ಪೂರ್ವದ ಪುಣ್ಯಸ್ಥಳಗಳನ್ನೆಲ್ಲ ಕಂಡುಬಂದ ಸ್ತ್ರೀಯೊಬ್ಬಳನ್ನು ಕೊಂಡಾಡಿದ್ದ. ಹೆಣ್ಣೊಬ್ಬಳು ಇಷ್ಟು ಮಾಡಿರುವಾಗ ಗಂಡಸರಾದ ನೀವು ಸೋಮಾರಿಗಳಾಗಬಹುದೇ ಎಂಬುದು ಆ ಪತ್ರದ ಧಾಟಿ. ಆ ಪತ್ರದ ಆಧಾರದಿಂದಲೇ ನಮ್ಮ ಯಾತ್ರಿಕಳಿಗೆ ಎಗೇರಿಯ ಎಂಬ ಹೆಸರು ಮರಳಿ ದೊರಕಿತು. ಆಕೆಯ ಪ್ರಯಾಣದ ಕಾಲ ಕ್ರಿ.ಶ. 381ರಿಂದ 384 ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ.

ಆಕೆ ತನಗಾಗಿ ಬರೆದುಕೊಂಡವಳಲ್ಲ. ಊರಿನಲ್ಲಿ ಬಿಟ್ಟುಬಂದ ಸಹೋದರಿಯರಿಗಾಗಿ ಬರೆದಳು. ಅವರು ಕನ್ಯಾಸ್ತ್ರೀಯರೋ ಅಥವಾ ಒಂದೇ ಭಕ್ತಿಕೂಟದ ಸ್ತ್ರೀಯರೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅದೇನೇ ಇರಲಿ, ಅವರ ಮೇಲಿನ ಮಮತೆಯೇ ಈ ಬರಹದ ಬೆನ್ನೆಲುಬು. ಅವರು ಬರಲಾರರು, ಆದ್ದರಿಂದ ಅವರ ಪರವಾಗಿ ತಾನು ನೋಡಬೇಕು. ನೋಡಿದ್ದನ್ನು ಅವರು ಪವಿತ್ರ ಗ್ರಂಥ ಓದುವಾಗ ಕಣ್ಣಿಗೆ ಕಟ್ಟುವಂತೆ ತಿಳಿಸಬೇಕು. ಸಿನಾಯ್ ಬೆಟ್ಟದ ಬುಡವನ್ನು ಆಕೆ ಒಂದು ಶನಿವಾರ ಸಂಜೆ ಮುಟ್ಟಿದಳು. ಅಲ್ಲಿನ ಸಂನ್ಯಾಸಿಗಳು ಸತ್ಕರಿಸಿದರು. ಭಾನುವಾರ ನಸುಕಿನಲ್ಲಿ ಅವರೊಡನೆ ಬೆಟ್ಟ ಹತ್ತತೊಡಗಿದಳು. ಸುತ್ತುದಾರಿಯಿಲ್ಲದೆ, ಗೋಡೆ ಏರುವಂತೆ ನೇರವಾಗಿ ಏರಬೇಕಾಗಿತ್ತು. ವಾಹನದ ಮೇಲೆ ಕುಳಿತು ಹೋಗುವ ಮಾತೇ ಇರಲಿಲ್ಲ. ಹಗಲಿನ ನಾಲ್ಕನೆಯ ತಾಸಿಗೆ, ಎಂದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ತುದಿ ತಲುಪಿದರು. ಅಲ್ಲಿದ್ದ ಪುಟ್ಟ ದೇವಾಲಯದಲ್ಲಿ ಮೋಶೆಯ ಗ್ರಂಥದಿಂದ ಆ ಸ್ಥಳಕ್ಕೆ ಸಂಬಂಧಿಸಿದ ಭಾಗವನ್ನು ಓದಿ, ಬಲಿಪೂಜೆ ಅರ್ಪಿಸಿದರು. ಹೊರಬರುವಾಗ ಅಲ್ಲಿನ ಗುರುಗಳು ಆ ಬೆಟ್ಟದಲ್ಲೇ ಬೆಳೆದ ಹಣ್ಣುಗಳನ್ನು ಪ್ರಸಾದದಂತೆ ಕೊಟ್ಟರು. ಹಣ್ಣಿನ ವಿಷಯವನ್ನು ಕೂಡ ಆಕೆ ಬಿಡಲಿಲ್ಲ.

ಹೋದಲ್ಲೆಲ್ಲ ಆಕೆಯ ಕ್ರಮ ಒಂದೇ: ಮೊದಲು ಪ್ರಾರ್ಥನೆ, ಆಮೇಲೆ ಆ ಜಾಗಕ್ಕೆ ತಕ್ಕ ವಾಚನ, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಸ್ಥಳವೂ ವಾಕ್ಯವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಾಗ ನೆನಪು ಬೇರೂರುತ್ತದೆ. ಐದು ನಿಮಿಷ ನಿಂತು, ಹತ್ತು ಫೋಟೋ ತೆಗೆದು, ಬಸ್ಸು ಏರುವ ನಮ್ಮ ಯಾತ್ರೆಗಳಲ್ಲಿ ಇದಕ್ಕೆ ಬಿಡುವೆಲ್ಲಿ?

ಆಕೆಯ ಬರಹದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಲೋಟನ ಹೆಂಡತಿಯ ಪ್ರಸಂಗ. ನೆಬೋ ಬೆಟ್ಟದ ಮೇಲೆ ನಿಂತಿದ್ದಾಗ ಉಪ್ಪಿನ ಕಂಬವಿದ್ದ ಸ್ಥಳವನ್ನು ಆಕೆಗೆ ತೋರಿಸಿದರು. ಸ್ಥಳ ಕಾಣಿಸಿತು, ಕಂಬ ಕಾಣಿಸಲಿಲ್ಲ. ಕೆಲವು ವರ್ಷಗಳಿಂದ ಅದು ಕಾಣುತ್ತಿಲ್ಲವೆಂದು ಅಲ್ಲಿನ ಧರ್ಮಾಧ್ಯಕ್ಷರು ತಿಳಿಸಿದರು. ಆಕೆ ಇದನ್ನು ಇದ್ದದ್ದು ಇದ್ದಂತೆ ಬರೆದು, ಈ ವಿಷಯದಲ್ಲಿ ನಿಮಗೆ ಸುಳ್ಳು ಹೇಳಲಾರೆನೆಂದು ಸಹೋದರಿಯರಿಗೆ ತಿಳಿಸಿದ್ದಾಳೆ. ಸಾವಿರಾರು ಮೈಲಿ ದೂರದಲ್ಲಿದ್ದ ಆ ಸ್ತ್ರೀಯರು ಬಂದು ಪರೀಕ್ಷಿಸುವಂತಿರಲಿಲ್ಲ. ಕಂಡೆ ಎಂದಿದ್ದರೆ ನಂಬುತ್ತಿದ್ದರು, ಸಂತೋಷವನ್ನೂ ಪಡುತ್ತಿದ್ದರು. ಆಕೆ ಆ ಸಂತೋಷವನ್ನು ಕೊಡಲಿಲ್ಲ. ಕಾಣದ ಕಂಬದ ಬಗ್ಗೆ ಇಷ್ಟು ನಿಷ್ಠುರಳಾದವಳು ಕಂಡದ್ದರ ಬಗ್ಗೆ ಹೇಳಿದಾಗ ಚರಿತ್ರಕಾರರು ಕಿವಿಗೊಡುವುದು ಸಹಜ.

ಮತ್ತು ಆಕೆ ಕಂಡದ್ದು ಅಲ್ಪವಲ್ಲ. 4ನೆಯ ಶತಮಾನದ ಜೆರುಸಲೇಮಿನ ಆರಾಧನೆಯ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ಒಬ್ಬಳ ಕೊಡುಗೆ. ಗರಿಗಳ ಭಾನುವಾರದ ಸಂಜೆ ಜನರೆಲ್ಲ ಓಲಿವ್ ಗುಡ್ಡದ ಮೇಲೆ ಸೇರಿರುತ್ತಿದ್ದರು. ಹಗಲಿನ ಹನ್ನೊಂದನೆಯ ತಾಸಿಗೆ ಶುಭಸಂದೇಶದ ವಾಚನ ಮುಗಿದೊಡನೆ ಧರ್ಮಾಧ್ಯಕ್ಷರು ಏಳುತ್ತಿದ್ದರು. ಎಲ್ಲರೂ ಕಾಲ್ನಡಿಗೆಯಲ್ಲಿ ಹಾಡುತ್ತ ಇಳಿಯುತ್ತಿದ್ದರು. ಮಕ್ಕಳ ಕೈಯಲ್ಲಿ ಖರ್ಜೂರದ ಗರಿ ಇಲ್ಲವೇ ಓಲಿವ್ ರೆಂಬೆ. ಇನ್ನೂ ನಡೆಯಲಾರದ ಕೂಸುಗಳು ತಂದೆತಾಯಿಯರ ಹೆಗಲ ಮೇಲೆ. ಜನರು ದಣಿಯದಿರಲೆಂದು ಮೆರವಣಿಗೆ ನಿಧಾನವಾಗಿ ಸಾಗುತ್ತಿತ್ತು. ಸಿರಿವಂತ ಮನೆಗಳ ಸ್ತ್ರೀಪುರುಷರೂ ನಡೆದೇ ಬರುತ್ತಿದ್ದರು. ಪುನರುತ್ಥಾನದ ದೇವಾಲಯ ತಲುಪುವಾಗ ಕತ್ತಲಾಗಿದ್ದರೂ ಸಂಜೆಯ ಪ್ರಾರ್ಥನೆಯನ್ನು ಬಿಡುತ್ತಿರಲಿಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಗರಿ ಹಿಡಿದು ಓಡಾಡುವ ಮಕ್ಕಳನ್ನು ನೋಡಿದವರಿಗೆ ಆ ದೃಶ್ಯ ಅಪರಿಚಿತವೆನಿಸದು.

ಪವಿತ್ರ ಶುಕ್ರವಾರದ ವಿವರ ಇನ್ನೂ ಸ್ವಾರಸ್ಯವಾಗಿದೆ. ಶಿಲುಬೆಯ ಮರವನ್ನು ಧರ್ಮಾಧ್ಯಕ್ಷರು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕೂರುತ್ತಿದ್ದರು. ಸುತ್ತಲೂ ಧರ್ಮಸೇವಕರ ಕಾವಲು. ಭಕ್ತರು ಬಾಗಿ ಹಣೆ, ಕಣ್ಣುಗಳನ್ನು ತಾಗಿಸಿ ಮುತ್ತಿಡಬಹುದಿತ್ತೇ ಹೊರತು ಕೈ ಚಾಚುವಂತಿರಲಿಲ್ಲ. ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರನ್ನು ಕಚ್ಚಿಕೊಂಡು ಹೋಗಿದ್ದನೆಂಬ ಮಾತನ್ನೂ ಆಕೆ ಕೇಳಿ ದಾಖಲಿಸಿದ್ದಾಳೆ. ಅಲ್ಲಿ ಧರ್ಮಾಧ್ಯಕ್ಷರು ಗ್ರೀಕಿನಲ್ಲಿ ಮಾತ್ರ ಉಪದೇಶಿಸುತ್ತಿದ್ದರು. ಗುರುವೊಬ್ಬರು ನಿಂತು ಸಿರಿಯಾ ಭಾಷೆಗೆ ಅನುವಾದಿಸುತ್ತಿದ್ದರು. ಲತೀನ್ ಮಾತ್ರ ಬಲ್ಲವರಿಗೆ ಎರಡೂ ಭಾಷೆ ತಿಳಿದ ಸಹೋದರ ಸಹೋದರಿಯರು ವಿವರಿಸುತ್ತಿದ್ದರು. ಹಲವು ಭಾಷೆಗಳ ಜನ ಒಂದೇ ಸೂರಿನಡಿ ಸೇರುವ ಕಷ್ಟ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ.

ಜೆರುಸಲೇಮಿನಲ್ಲಿ ಮೂರು ವರ್ಷ ತುಂಬಿದ ಮೇಲೆ ಊರಿಗೆ ಮರಳುವ ಮುನ್ನ ಆಕೆ 25 ಮಜಲುಗಳಷ್ಟು ದೂರದ ಎದೆಸ್ಸ ನಗರಕ್ಕೆ ಹೋದಳು. ಸಂತ ತೋಮರ ಅವಶೇಷಗಳು ಅಲ್ಲಿದ್ದವು. ಅವು ಭಾರತದಿಂದ ಹೋದವೆಂಬುದು ಸಂಪ್ರದಾಯ. ಅಲ್ಲಿನ ಧರ್ಮಾಧ್ಯಕ್ಷರು ಪ್ರಭು ಯೇಸು ಮತ್ತು ಅಬ್ಗರ್ ರಾಜರದೆನ್ನಲಾದ ಪತ್ರಗಳ ನಕಲನ್ನು ಕೊಟ್ಟರು. ಊರಿನಲ್ಲಿ ಆಕೆಯ ಬಳಿ ನಕಲು ಇತ್ತು, ಆದರೆ ಇಲ್ಲಿಯದು ಹೆಚ್ಚು ಪೂರ್ಣವೆಂದು ತೋರಿತು. ತಂದಮೇಲೆ ನೀವೂ ಓದುವಿರೆಂದು ಬರೆದಳು.

ಅದೇ ಸಂತ ತೋಮರ ಹೆಸರು ಹೊತ್ತ ಕೇರಳದ ಕ್ರೈಸ್ತರಲ್ಲಿ, ಎಷ್ಟೋ ಶತಮಾನಗಳ ನಂತರ, ಇಂತಹುದೇ ಪ್ರೇರಣೆಯಿಂದ ಮತ್ತೊಂದು ಯಾತ್ರಾಗ್ರಂಥ ಹುಟ್ಟಿತು. 1778ರಲ್ಲಿ ಪಾರೆಮ್ಮಾಕ್ಕಲ್ ತೋಮಾ ಕತ್ತನಾರರು ಕರಿಯಾಟ್ಟಿಲ್ ಯೌಸೇಪ್ ಗುರುಗಳೊಡನೆ ತಮ್ಮ ಸಮುದಾಯದ ಅಹವಾಲು ಹೊತ್ತು ಲಿಸ್ಬನ್ ಮತ್ತು ರೋಮಿಗೆ ಹೊರಟರು. ಎಂಟು ವರ್ಷಗಳ ನಂತರ, 1786ರಲ್ಲಿ ಗೋವೆಗೆ ಮರಳಿದರು. ಅಷ್ಟರಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದ ಕರಿಯಾಟ್ಟಿಲ್ ಅವರು ಊರು ಮುಟ್ಟದೆ ಅಲ್ಲಿಯೇ ನಿಧನರಾದರು. ಪ್ರಯಾಣದ ದಣಿವು, ಅವಮಾನ, ಆಸೆಗಳನ್ನೆಲ್ಲ ಕತ್ತನಾರರು ಮನೆಯಲ್ಲಿ ಕಾಯುತ್ತಿದ್ದ ತಮ್ಮ ಜನರಿಗಾಗಿ ಮಲಯಾಳದಲ್ಲಿ ಬರೆದಿಟ್ಟರು. 'ವರ್ತಮಾನಪ್ಪುಸ್ತಕಂ' ಎಂಬ ಆ ಕೃತಿ ಅಚ್ಚಾದದ್ದು 1936ರಲ್ಲಿ. ಭಾರತೀಯ ಭಾಷೆಯೊಂದರ ಮೊದಲ ಪ್ರವಾಸಕಥನವೆಂದು ಅದನ್ನು ಎಣಿಸುತ್ತಾರೆ.

ಕತ್ತನಾರರ ತರುವಾಯದ ಪೀಳಿಗೆಗೆ ಲೇಖನಿಯ ಜೊತೆಗೆ ಹೊಸ ಸಾಧನವೊಂದು ಬಂತು. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದೊಡನೆ ಯಾತ್ರಿಕರು ಪವಿತ್ರ ನಾಡಿನತ್ತ ಹೊರಟರು. 1856ರಿಂದ 1860ರ ನಡುವೆ ಮೂರು ಬಾರಿ ಈಜಿಪ್ಟ್ ಮತ್ತದರ ನೆರೆನಾಡುಗಳಿಗೆ ಹೋದ ಇಂಗ್ಲೆಂಡಿನ ಫ್ರಾನ್ಸಿಸ್ ಫ್ರಿತ್ ಅವರ ಡೇರೆಯೊಳಗೆ, ಗಾಜಿನ ಮೇಲೆ ಸುರಿದ ಕೊಲೋಡಿಯನ್ ದ್ರವ ಬಿಸಿಲಿಗೆ ಕುದಿಯುತ್ತಿತ್ತು. ಅದಕ್ಕೂ ಮೊದಲು, 1842ರಿಂದ 1845ರವರೆಗೆ, ಫ್ರಾನ್ಸಿನ ಜಿರೋ ದ ಪ್ರಾಂಜೆ ಪೂರ್ವದೇಶಗಳಲ್ಲಿ ಸುತ್ತಿ ಬೆಳ್ಳಿ ಲೇಪಿಸಿದ ತಾಮ್ರದ ತಗಡುಗಳ ಮೇಲೆ 900ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದರು, ಜೆರುಸಲೇಮಿನವೂ ಅವುಗಳಲ್ಲಿವೆ. ಅವರು 1892ರಲ್ಲಿ ತೀರಿಕೊಂಡರು. ತಗಡುಗಳು ಬೆಳಕಿಗೆ ಬಂದದ್ದು 1920ರ ದಶಕದಲ್ಲಿ, ಅವರ ಆಸ್ತಿಯನ್ನು ಕೊಂಡವರ ಕೈಯಲ್ಲಿ. ಅಷ್ಟು ಕಾಲವಾದ ಮೇಲೂ ಅವು ಬರಿಯ ಲೋಹದ ಚೂರುಗಳಾಗದೆ ಉಳಿದದ್ದಕ್ಕೆ ಕಾರಣ ಸರಳವಾದುದು: ಅವರು ಒಂದೊಂದನ್ನೂ ವಿಂಗಡಿಸಿ, ಹೆಸರು ಬರೆದ ಚೀಟಿ ಅಂಟಿಸಿ, ಅದಕ್ಕೆಂದೇ ಮಾಡಿಸಿದ ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು.

ಚಿತ್ರ ಬರಹಕ್ಕಿಂತ ಕಡಿಮೆಯೆಂದು ನಾನು ವಾದಿಸುತ್ತಿಲ್ಲ. ತೆಗೆದವರು ಗಮನಿಸದ್ದನ್ನೂ ಚಿತ್ರ ಹಿಡಿದಿಡುತ್ತದೆ: ಹಿಂದೆ ನಿಂತ ಹೂ ಮಾರುವವಳು, ಅಂದಿನ ಬಸ್ಸಿನ ಬಣ್ಣ, ಅಜ್ಜಿಯ ಸೀರೆಯ ಅಂಚು. ಆದರೆ ಅಜ್ಜಿ ಯಾವ ಹರಕೆ ಹೊತ್ತು ಆ ವರ್ಷ ಹೋದಳೆಂಬುದನ್ನು ಚಿತ್ರ ಹೇಳಲಾರದು. ಮೊಬೈಲಿನಲ್ಲಿ ದಿನಾಂಕವೂ ಸ್ಥಳವೂ ತಾನಾಗಿ ದಾಖಲಾಗುವ ಈ ಕಾಲದಲ್ಲೂ ಹರಕೆಯ ಕಾರಣ ದಾಖಲಾಗುವುದಿಲ್ಲ. ಫೋನು ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಆಯ್ದ ಹತ್ತು ಹನ್ನೆರಡು ಚಿತ್ರಗಳನ್ನಾದರೂ ಮುದ್ರಿಸಿಟ್ಟುಕೊಳ್ಳುವುದು ಲೇಸು. ಬೆನ್ನಿನಲ್ಲಿ ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಪೆನ್ಸಿಲ್ ಹಿಡಿಯದ ನುಣುಪು ಕಾಗದವಾದರೆ ಪ್ರತ್ಯೇಕ ಚೀಟಿಯಲ್ಲಿ ಬರೆದು ಜೊತೆಗಿಡಬಹುದು. ಹೆಸರುಗಳನ್ನು ಎಡದಿಂದ ಬಲಕ್ಕೆ, ಮಕ್ಕಳ ಮನೆಹೆಸರಿನೊಂದಿಗೆ ಬರೆಯಿರಿ; ಯಾರ ಕಾಯಿಲೆ ವಾಸಿಯಾಯಿತೆಂದು ಹೋದಿರಿ, ದಾರಿಯಲ್ಲಿ ಯಾರ ಮನೆಯಲ್ಲಿ ಉಂಡಿರಿ ಎಂಬುದನ್ನೂ ಬರೆಯಿರಿ. ಚಿತ್ರ ತೆಗೆದವರ ಹೆಸರನ್ನು ಮರೆಯಬೇಡಿ; ಅವರೂ ನಿಮ್ಮೊಡನೆ ಬಂದಿದ್ದರು, ಚಿತ್ರದಲ್ಲಿ ಮಾತ್ರ ಇಲ್ಲ.